ಇಬರ್ ನೆಗೆಟಿವ್ ಎಂದರೆ ವೈರಸ್ ಇಲ್ಲವೆಂದೇ?

ಯಾದಗಿರಿ, ಸುರಪುರ, ಹುಮನಾಬಾದ್ ಕಡೆಯಿಂದ ಕಲಬುರಗಿಗೆ ಬರುವ ಕುತ್ತಿಗೆ ಗಂಟಿನ ಬಯಾಪ್ಸಿಗಳಲ್ಲಿ ನಾವು ಮೊದಲು ಹುಡುಕುವುದು ಕ್ಷಯವನ್ನು. ಅದಲ್ಲವೆಂದಾಗಿ ದುಗ್ಧಗ್ರಂಥಿಗಳ ಕ್ಯಾನ್ಸರಾದ ಹಾಡ್ಜ್‌ಕಿನ್ ಲಿಂಫೋಮಾದ ಅನುಮಾನ ಬಂದರೆ, ಅದರಲ್ಲೂ ರೋಗಿ ಮಗುವಾಗಿದ್ದರೆ, ಎಪ್‌ಸ್ಟೀನ್–ಬಾರ್ ವೈರಸ್ ಪತ್ತೆಗೆ ಆ ವೈರಸ್ಸಿನ ಆರ್‌ಎನ್‌ಎಗೆ ಬಣ್ಣ ಹಿಡಿಸಿ ತೋರಿಸುವ ಇಬರ್ ಪರೀಕ್ಷೆ ಮಾಡಿಸುತ್ತೇವೆ. ವರದಿಯಲ್ಲಿ ‘ನೆಗೆಟಿವ್’ ಎಂದಿದ್ದರೆ ವೈರಸ್ ಇಲ್ಲವೇ ಇಲ್ಲವೆಂದು ಓದಿಕೊಳ್ಳುವ ರೂಢಿಯ ಬಗ್ಗೆ ನನ್ನ ತಕರಾರಿದೆ.

1964ರಲ್ಲಿ ಬರ್ಕಿಟ್ ಎಂಬ ಇನ್ನೊಂದು ಬಗೆಯ ಲಿಂಫೋಮಾದ ಕೋಶಗಳಲ್ಲಿ ಮೊದಲು ಕಂಡ ಈ ವೈರಸ್ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ದೇಹದಲ್ಲಿ ಜೀವನಪೂರ್ತಿ ಸುಪ್ತವಾಗಿರುತ್ತದೆಯಾದ್ದರಿಂದ, ರಕ್ತದಲ್ಲಿ ಅದರ ಪ್ರತಿಕಾಯ ಸಿಕ್ಕಿತೆಂದು ಗಂಟಿನ ಕಾರಣ ತಿಳಿಯುವುದಿಲ್ಲ. ಸುಪ್ತಾವಸ್ಥೆಯಲ್ಲಿ ವೈರಸ್ ತನ್ನ ಬಹುಪಾಲು ಪ್ರೋಟೀನುಗಳ ತಯಾರಿಕೆಯನ್ನು ನಿಲ್ಲಿಸಿಬಿಡುತ್ತದೆ. ಹಾಡ್ಜ್‌ಕಿನ್‌ನಲ್ಲಿ ಚೆನ್ನಾಗಿ ಕಾಣುವ ಎಲ್‌ಎಂಪಿ–1 ಪ್ರೋಟೀನು ಬರ್ಕಿಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆದರೆ ಎರಡರಲ್ಲಿಯೂ ಇಬರ್–1, ಇಬರ್–2 ಎಂಬ ಪುಟ್ಟ ಆರ್‌ಎನ್‌ಎಗಳು ತಯಾರಾಗುತ್ತಲೇ ಇರುತ್ತವೆ. ಇವು ಯಾವ ಪ್ರೋಟೀನಿಗೂ ಸಂಕೇತವಲ್ಲ; ನಮ್ಮದೇ ಕೋಶದ ಆರ್‌ಎನ್‌ಎ ಪಾಲಿಮರೇಸ್–3 ಇವನ್ನು ತಯಾರಿಸುತ್ತದೆ, ಮತ್ತು ಒಂದೊಂದು ಕೋಶದಲ್ಲಿ ಹತ್ತು ಲಕ್ಷ ಪ್ರತಿಗಳವರೆಗೂ ಶೇಖರಗೊಳ್ಳಬಹುದು. ಇಬರ್ ಪರೀಕ್ಷೆ ಹುಡುಕುವುದು ಇವನ್ನೇ. ದೈನಂದಿನ ರೋಗನಿರ್ಣಯಕ್ಕೆ ಅಷ್ಟು ಸಾಕು.

ತೊಡಕಿರುವುದು ಆರ್‌ಎನ್‌ಎಯ ನಾಜೂಕುತನದಲ್ಲಿ. ಕತ್ತರಿಸದ ಇಡೀ ಗಂಟನ್ನು ಸಣ್ಣ ಡಬ್ಬಿಗೆ ತುರುಕಿ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್ ದ್ರವವನ್ನು ಮುಳುಗಲೂ ಸಾಲದಷ್ಟು ಹಾಕಿ, ಅಥವಾ ಬರೀ ಸಲೈನಿನಲ್ಲಿ, ಏಪ್ರಿಲ್ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಬಸ್ಸಿಗೆ ಕೊಟ್ಟು ಕಳಿಸುವುದುಂಟು. ಫಾರ್ಮಾಲಿನ್ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುವಷ್ಟರಲ್ಲಿ ನಡುವಿನ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ಅಂಥ ಸ್ಲೈಡಿನಲ್ಲಿ ಅಂಚಿನ ದೊಡ್ಡ ಕೋಶಗಳ ಕೇಂದ್ರಗಳು ನೀಲಿಗಪ್ಪಾಗಿ ಎದ್ದು ಕಾಣುತ್ತವೆ. ಒಳಗೆ ಹೋದಂತೆ ಬಣ್ಣ ಮಾಸಿ, ಅದೇ ಜಾತಿಯ ಕೋಶಗಳು ಖಾಲಿ ಗುಲಾಬಿಯಾಗಿ ಉಳಿಯುತ್ತವೆ. ಸೂಜಿ ಬಯಾಪ್ಸಿಯಲ್ಲಿ ಹೀಗೆ ಹೋಲಿಸಿ ನೋಡಲು ಅಂಚೂ ಇರುವುದಿಲ್ಲ. ಆದ್ದರಿಂದ ತುಣುಕನ್ನು ಮೇಣದಲ್ಲಿ ಹುದುಗಿಸಿದ ಅದೇ ಬ್ಲಾಕಿನ ಮೇಲೆ ನಮ್ಮ ಕೋಶಗಳದೇ ಆದ ಯು–6 ಆರ್‌ಎನ್‌ಎಯನ್ನು ತೋರಿಸುವ ನಿಯಂತ್ರಣ ಪರೀಕ್ಷೆ ಮಾಡಲೇಬೇಕು. ಅದೂ ಮೂಡದಿದ್ದರೆ ‘ನೆಗೆಟಿವ್’ ಎನ್ನಬಾರದು, ‘ಪರೀಕ್ಷೆ ವಿಫಲ’ ಎಂದು ಬರೆಯಬೇಕು.

ಇದಕ್ಕೆ ಉಲ್ಟಾ ತಪ್ಪೂ ಉಂಟು: ವೈರಸ್ ಸುಪ್ತವಾಗಿರುವ ಸಾಮಾನ್ಯ ಬಿಳಿ ರಕ್ತಕೋಶ, ಅಂದರೆ ಸಣ್ಣ ಲಿಂಫೋಸೈಟ್, ಅಲ್ಲೊಂದು ಇಲ್ಲೊಂದು ಬಣ್ಣ ಹಿಡಿದ ಮಾತ್ರಕ್ಕೆ ಗಡ್ಡೆಯನ್ನೇ ಪಾಸಿಟಿವ್ ಎನ್ನುವಂತಿಲ್ಲ.

ಹಾಡ್ಜ್‌ಕಿನ್‌ನಲ್ಲಿ ಇಬರ್ ಫಲಿತಾಂಶ ನೋಡಿ ಮೊದಲ ಕೀಮೋಥೆರಪಿಯನ್ನು ಬದಲಿಸುವುದಿಲ್ಲವಾದ್ದರಿಂದ, ವಿಫಲ ಪರೀಕ್ಷೆಗಾಗಿ ಮಗುವಿನ ಕುತ್ತಿಗೆಯನ್ನು ಮತ್ತೆ ಕೊಯ್ಯಿಸುವುದು ನನಗೆ ಒಪ್ಪಿಗೆಯಿಲ್ಲ. ಎನ್‌ಕೆ ಅಥವಾ ಟಿ ಎಂಬ ರಕ್ಷಣಾ ಕೋಶಗಳಿಂದ ಹುಟ್ಟುವ ಮೂಗಿನ ಎನ್‌ಕೆ/ಟಿ ಲಿಂಫೋಮಾದ ಮಾತು ಬೇರೆ: ಅಲ್ಲಿ ಇಬರ್ ಇಲ್ಲದೆ ರೋಗದ ಹೆಸರನ್ನೇ ಹೇಳಲಾಗದು, ಕೊಡುವ ಔಷಧಿಯೂ ಬೇರೆ, ಹೊಸ ತುಣುಕು ಕೇಳಲು ಅಲ್ಲಿ ಹಿಂಜರಿಯಬಾರದು.