ಪಾಠ ಮಾಡೋದು ಬಿಟ್ಟು ಲೆಕ್ಕ ಇಡ್ತಾ ಕೂರಬೇಕಾ?

ಪ್ರಶ್ನೆ: ನಾವು ಆರು ಜನ ಸೇರಿ ಊರಿನ ಶಾಲೆಯಲ್ಲಿ ಸಂಜೆ ಪಾಠ ನಡೆಸುತ್ತೇವೆ. ದುಡ್ಡು ಕೊಡುವ ಕಂಪನಿಯವರು ಈಗ ‘ಇಂಪ್ಯಾಕ್ಟ್ ತೋರಿಸಿ’ ಅನ್ನುತ್ತಿದ್ದಾರೆ. ಇರೋ ಚೂರುಪಾರು ದುಡ್ಡನ್ನು ಮೌಲ್ಯಮಾಪನಕ್ಕೆ ಸುರಿಯೋದು ದಂಡ ಅಲ್ವಾ?

ಸುರಿದರೆ ದಂಡವೇ. ಆದರೆ ಸುರಿಯಬೇಕಾಗಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2021ರ ಸಿಎಸ್ಆರ್ (ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹೊಣೆ) ನಿಯಮದ ಪ್ರಕಾರ, ಸರಾಸರಿ ವರ್ಷಕ್ಕೆ 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಸಿಎಸ್ಆರ್ ಹೊಣೆ ಇರುವ ಕಂಪನಿಗಳು 1 ಕೋಟಿ ಅಥವಾ ಅದಕ್ಕೂ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕು. ಹೊಣೆ ಕಂಪನಿಯದು. ನಿಮ್ಮ ಸಂಜೆ ಪಾಠಕ್ಕೆ ಈ ಕಟ್ಟಳೆ ತಾಗುವುದಿಲ್ಲ. ಅವರು ಕೇಳುತ್ತಿರುವುದು ಬಹುಶಃ ನಾಲ್ಕು ಫೋಟೊ, ಎರಡು ಪುಟದ ವರದಿ. ಕೊಟ್ಟುಬಿಡಿ.

ಆದರೆ ‘ನಮ್ಮ ಪಾಠದಿಂದ ಮಕ್ಕಳಿಗೆ ಏನಾಯ್ತು?’ ಅನ್ನೋ ಪ್ರಶ್ನೆ ಕಂಪನಿಯದಲ್ಲ, ನಿಮ್ಮದು. ಇದಕ್ಕೆ ನನಗೆ ಯಾವಾಗಲೂ ನೆನಪಾಗೋದು ಜೌನ್‌ಪುರದ ಕತೆ.

ಮುಂಬೈಯಲ್ಲಿ ಹುಟ್ಟಿದ, ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯವರು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಅಳೆಯುವ ಕೆಲಸಕ್ಕೆ ಅರ್ಥಶಾಸ್ತ್ರಜ್ಞರು ಜೊತೆಯಾದರು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಆ ತಂಡದಲ್ಲಿದ್ದರು. ಅಲ್ಲಿ ಪ್ರತಿ ಊರಿಗೂ ಗ್ರಾಮ ಶಿಕ್ಷಣ ಸಮಿತಿ ಇತ್ತು, ಕಾಗದದ ಮೇಲೆ. ಕೇಳಿ ನೋಡಿದರೆ ನೂರಕ್ಕೆ 92 ಪೋಷಕರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಸದಸ್ಯರಲ್ಲೇ ಸುಮಾರು ಕಾಲುಭಾಗ ಜನಕ್ಕೆ ತಾವು ಸದಸ್ಯರು ಅನ್ನೋದು ತಿಳಿದಿರಲಿಲ್ಲ!

ಜನಕ್ಕೆ ಮಾಹಿತಿ ಕೊಟ್ಟರೆ ಅವರೇ ಎದ್ದು ಕೇಳುತ್ತಾರೆ ಅನ್ನೋದು ಆಗಿನ ನಂಬಿಕೆ. ನಾನಾಗಿದ್ದರೂ ಹಾಗೇ ನಂಬುತ್ತಿದ್ದೆ. 280 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಸಭೆ ಸೇರಿಸಿ ಸಮಿತಿಯ ಅಧಿಕಾರ ಏನೇನು ಅಂತ ಹೇಳಿದರು. ಇನ್ನೊಂದರಲ್ಲಿ ಅದರ ಜೊತೆಗೆ, ಊರಿನವರೇ ಮಕ್ಕಳ ಓದು ಪರೀಕ್ಷಿಸುವಂತೆ ಮಾಡಿದರು. ಮೂರನೆಯದರಲ್ಲಿ ಇವೆರಡರ ಮೇಲೆ, ಊರಿನ ಹುಡುಗ ಹುಡುಗಿಯರಿಗೆ ಓದು ಕಲಿಸುವ ತರಬೇತಿ ಕೊಟ್ಟರು. ನಾಲ್ಕನೆಯ ಗುಂಪಿನಲ್ಲಿ ಏನೂ ಮಾಡಲಿಲ್ಲ.

ಸಭೆಗಳಿಗೆ ಜನ ಬಂದರು, ಚೆನ್ನಾಗಿ ಮಾತಾಡಿದರು. ವರದಿಗೆ ಫೋಟೊ ಬೇಕಾದಷ್ಟು. ಆದರೆ ಮೊದಲೆರಡು ಗುಂಪಿನಲ್ಲಿ ಮಕ್ಕಳ ಕಲಿಕೆ ಇದ್ದಲ್ಲೇ ಇತ್ತು. ಮೂರನೆಯದರಲ್ಲಿ, ಒಂದಕ್ಷರವೂ ಬಾರದೆ ಓದಿನ ಶಿಬಿರಕ್ಕೆ ಬಂದ ಮಕ್ಕಳೆಲ್ಲ ವರ್ಷದ ಕೊನೆಗೆ ಅಕ್ಷರವನ್ನಾದರೂ ಗುರುತಿಸಿದರು. ಏನೂ ಮಾಡದ ಹಳ್ಳಿಗಳಲ್ಲಿ ಅಂಥ ಮಕ್ಕಳಲ್ಲಿ ಅಷ್ಟು ಕಲಿತವರು ನೂರಕ್ಕೆ 40.

ಇಷ್ಟಕ್ಕೇ ಬೀಗುವ ಹಾಗಿರಲಿಲ್ಲ. ಶಿಬಿರಕ್ಕೆ ಬಂದಿದ್ದು ಊರಿನ ಮಕ್ಕಳಲ್ಲಿ ನೂರಕ್ಕೆ 8 ಮಾತ್ರ. ಕಲಿಸುವ ರೀತಿ ಸರಿ, ಮಕ್ಕಳೇ ಬರ್ತಿಲ್ಲ. ಅಳೆಯದಿದ್ದರೆ ಈ ಎರಡು ಸಂಗತಿ ಬಿಡಿಬಿಡಿಯಾಗಿ ಕಾಣುತ್ತಲೇ ಇರಲಿಲ್ಲ. ಮಕ್ಕಳು ಬರದಿದ್ದರೆ ನಾವೇ ಶಾಲೆಯೊಳಗೆ ಹೋಗಬೇಕು, ಅಲ್ವಾ? ಹಾಗಂತ ಸರ್ಕಾರಿ ಶಿಕ್ಷಕರ ಜೊತೆ ಬಿಹಾರದಲ್ಲಿ ಪ್ರಯತ್ನಿಸಿದರು. ಬೇಸಿಗೆ ಶಿಬಿರದಲ್ಲಿ ಮಕ್ಕಳು ಕಲಿತರು. ಶಾಲೆ ಶುರುವಾದ ಮೇಲೆ ಅದೇ ವಿಧಾನ ಮೂಲೆ ಸೇರಿತು, ಯಾಕಂದರೆ ಶಿಕ್ಷಕರ ತಲೆಯ ಮೇಲೆ ಸಿಲೆಬಸ್ ಮುಗಿಸುವ ಹೊರೆ. ಕೊನೆಗೆ 2012-13ರಲ್ಲಿ ಹರಿಯಾಣದಲ್ಲಿ ದಾರಿ ಸಿಕ್ಕಿತು: ದಿನಕ್ಕೆ ಒಂದು ಗಂಟೆ ಇದಕ್ಕೇ ಮೀಸಲು, ತರಗತಿ ನೋಡದೆ ಓದುವ ಮಟ್ಟ ನೋಡಿ ಮಕ್ಕಳನ್ನು ಕೂರಿಸೋದು, ಮೇಲ್ವಿಚಾರಕರೇ ಮೊದಲು ಪಾಠ ಮಾಡಿ ಕಲಿಯೋದು.

ನಿಮಗೆ ಇಷ್ಟೆಲ್ಲ ಬೇಡ. ಪ್ರಥಮ್‌ನವರ ಓದಿನ ಹಾಳೆ ಸಾಕು. ಹಳ್ಳಿ ಮಕ್ಕಳ ಕಲಿಕೆ ಅಳೆಯಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಬಳಸೋದೂ ಅದನ್ನೇ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ಕನ್ನಡದಲ್ಲೂ ಇದೆ. ಮಗು ಪಕ್ಕ ಕೂತು ಓದಿಸಿ, ಎಲ್ಲಿಯವರೆಗೆ ಓದಿತು ಅಂತ ಬರೆದುಕೊಳ್ಳಿ. ಜೂನ್‌ನಲ್ಲಿ ಒಮ್ಮೆ, ದಸರಾ ರಜೆಗೆ ಮುಂಚೆ ಒಮ್ಮೆ.

ಒಂದು ಎಚ್ಚರ. ಸಂಜೆ ಪಾಠಕ್ಕೆ ಬರುವವರು ಮೊದಲೇ ಚುರುಕಾದ ಮಕ್ಕಳಾಗಿರಬಹುದು. ಸುಮ್ನೆ ಇದ್ದರೂ ನಾಲ್ಕು ತಿಂಗಳಲ್ಲಿ ಶಾಲೆಯಿಂದಲೇ ಒಂದಿಷ್ಟು ಕಲಿಯುತ್ತಾರೆ. ಅದಕ್ಕೇ ಪಾಠಕ್ಕೆ ಬಾರದ ಒಂದಷ್ಟು ಮಕ್ಕಳನ್ನೂ ಅದೇ ಹಾಳೆಯಲ್ಲಿ ಓದಿಸಿ. ಹೆಸರು ಹಾಕಿ ಗೋಡೆಗೆ ಅಂಟಿಸಬೇಡಿ, ಪಾಪ.

ನಾನು ಕೆಲ ಕಾಲ ಓಡಾಡಿಕೊಂಡಿದ್ದ ಒಂದು ಸಣ್ಣ ಗುಂಪಿನಲ್ಲಿ ‘ಹಂಚಿದ ಪುಸ್ತಕ’ ಎಷ್ಟು ಅನ್ನೋದಷ್ಟೇ ಲೆಕ್ಕ. ಪುಸ್ತಕ ಬೀರುವಿನೊಳಗೆ, ಬೀಗ ಹೆಡ್‌ಮಾಸ್ಟರ್ ಹತ್ತಿರ. ಹಾಗೆ ಎಣಿಸಿದ್ದಕ್ಕೆ ನಮ್ಮ ಕೆಲಸದಲ್ಲಿ ಏನೂ ಬದಲಾಗಲಿಲ್ಲ. ನೀವು ಎಣಿಸುವ ಮುಂಚೆ ಆರು ಜನ ಕೂತು ಇದೊಂದನ್ನು ತೀರ್ಮಾನ ಮಾಡಿ: ಪದದ ಹಂತದಲ್ಲೇ ಮಕ್ಕಳು ನಿಂತಿದ್ದರೆ ಏನು ಬದಲಾಯಿಸ್ತೀವಿ? ಉತ್ತರ ಇಲ್ಲದಿದ್ದರೆ ಅಳೆಯಲೇಬೇಡಿ.

ಅಕ್ಟೋಬರ್‌ನ ಹಾಳೆ ಕೈಗೆ ಬಂದಾಗ ಮೊದಲು ಹೆಡ್‌ಮಾಸ್ಟರಿಗೆ, ಎಸ್‌ಡಿಎಂಸಿಯವರಿಗೆ (ಪೋಷಕರಿರುವ ಶಾಲಾ ಸಮಿತಿ) ತೋರಿಸಿ. ಶಾಲೆಯ ಹೊತ್ತಿನಲ್ಲೇ ದಿನಕ್ಕೊಂದು ಗಂಟೆ ಕೊಡ್ತೀರಾ ಅಂತ ಕೇಳಿ. ಕಂಪನಿಯವರಿಗೆ ಅದರದೇ ಒಂದು ಜೆರಾಕ್ಸ್ ಕಳಿಸಿದರಾಯ್ತು, ಮಕ್ಕಳ ಹೆಸರು ತೆಗೆದು.