ಓದುಗರ ಪ್ರಶ್ನೆ: ಕ್ರೀಟ್‌ಗೆ ಹೋಗುವ ರಾತ್ರಿ ಹಡಗಿನಲ್ಲಿ ಡೆಕ್ ಟಿಕೆಟ್ ಸಾಕೇ?

ಪ್ರಶ್ನೆ: ನಾವು ಗಂಡ ಹೆಂಡತಿ ಜರ್ಮನಿಯಲ್ಲಿ ಕೆಲಸದಲ್ಲಿದ್ದೇವೆ. ಅಕ್ಟೋಬರಿನಲ್ಲಿ ಮೈಸೂರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ನಾಲ್ವರೂ ಅಥೆನ್ಸ್ ನೋಡಿಕೊಂಡು ಕ್ರೀಟ್ ದ್ವೀಪಕ್ಕೆ ಹೋಗುವ ಆಸೆಯಿದೆ, ಆದರೆ ಖರ್ಚು ಹಿಡಿತದಲ್ಲಿರಬೇಕು. ರಾತ್ರಿ ಹಡಗಿನಲ್ಲಿ ಎಲ್ಲಕ್ಕಿಂತ ಅಗ್ಗದ ಡೆಕ್ ಟಿಕೆಟ್ ತೆಗೆದುಕೊಂಡರೆ ನಡೆಯುತ್ತದೆಯೇ, ಇಲ್ಲ ಕ್ಯಾಬಿನ್ ಬೇಕೇ ಬೇಕೆ? ಅಪ್ಪನಿಗೆ 68 ವರ್ಷ, ಅಮ್ಮ ಶುದ್ಧ ಸಸ್ಯಾಹಾರಿ.

ಉತ್ತರ: ನೀವಿಬ್ಬರೇ ಹೊರಟಿದ್ದರೆ ಡೆಕ್ ಟಿಕೆಟ್ ಸಾಕು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಹಿರಿಯರಿಬ್ಬರು ಜೊತೆಗಿರುವುದರಿಂದ ನನ್ನ ಸಲಹೆ ಬೇರೆ. ನಾಲ್ಕು ಹಾಸಿಗೆಯ, ಕಿಟಕಿಯಿಲ್ಲದ ಒಳ ಕ್ಯಾಬಿನ್ ಒಂದನ್ನು ಪೂರ್ತಿಯಾಗಿ ನಿಮ್ಮ ಕುಟುಂಬಕ್ಕೇ ತೆಗೆದುಕೊಳ್ಳಿ. ಖರ್ಚು ಉಳಿಸಬೇಕೆಂದೇ ಈ ಮಾತು ಹೇಳುತ್ತಿದ್ದೇನೆ.

ಮೊದಲು ಲೆಕ್ಕ. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ಕ್ರೀಟ್‌ಗೆ ಡೆಕ್ ಟಿಕೆಟ್ ತಲೆಗೆ ಹೆಚ್ಚುಕಡಿಮೆ 40 ಯೂರೋ. ಋತು, ದಿನ, ಕಂಪನಿ ನೋಡಿಕೊಂಡು ಏರಿಳಿಯುತ್ತದೆ. ನಾಲ್ಕು ಹಾಸಿಗೆಯ ಒಳ ಕ್ಯಾಬಿನ್ನಿನಲ್ಲಿ ಒಂದು ಹಾಸಿಗೆಗೆ 70ರ ಆಸುಪಾಸು ಎಂದಿಟ್ಟುಕೊಳ್ಳಿ. ನಾಲ್ವರಿಗೆ ಡೆಕ್ಕಿನಲ್ಲಿ 160, ಕ್ಯಾಬಿನ್ನಿನಲ್ಲಿ 280. ನಡುವಿನ 120 ಯೂರೋ ದೊಡ್ಡ ಮೊತ್ತವೇ ಸರಿ. ಆದರೆ ಆ ರಾತ್ರಿ ನೀವು ಅಥೆನ್ಸ್‌ನಲ್ಲೇ ಉಳಿದಿದ್ದರೆ ಎರಡು ಕೋಣೆಗಳ ಬಾಡಿಗೆ ಕೊಡಬೇಕಿತ್ತು. ರಾತ್ರಿ ಹಡಗಿನಲ್ಲಿ ನಿಜವಾಗಿ ಉಳಿಯುವುದು ಆ ಬಾಡಿಗೆ. ಟಿಕೆಟ್ ದರವಷ್ಟನ್ನೇ ನೋಡಿದರೆ ಕೆಲವು ದಿನ ವಿಮಾನವೂ ಅಷ್ಟಕ್ಕೇ ಸಿಗುತ್ತದೆ, ಐವತ್ತು ನಿಮಿಷದಲ್ಲಿ ಇಳಿಸಿಯೂ ಬಿಡುತ್ತದೆ. ಹಾಗಾಗಿ ಹಡಗಿನಲ್ಲಿ ನಿದ್ದೆ ಬಂದರೆ ಮಾತ್ರ ಉಳಿತಾಯ. ಬಾರದಿದ್ದರೆ ಬೆಳಿಗ್ಗೆ ಆರಕ್ಕೇ ಕೋಣೆ ಕೊಡಿ ಎಂದು ಹೋಟೆಲಿನವರನ್ನು ಕೇಳಬೇಕಾಗುತ್ತದೆ, ಅದಕ್ಕೆ ಹೆಚ್ಚುವರಿ ಹಣ ತೆರಬೇಕಾಗುತ್ತದೆ. ಅದೂ ಆಗದಿದ್ದರೆ ಆ ಹಗಲು ನಾಲ್ವರಿಗೂ ವ್ಯರ್ಥ.

ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡೆಕ್ ಟಿಕೆಟ್ ಎಂದರೆ ಏನು ಎಂಬುದರಲ್ಲೇ ಬಹಳ ಜನರಿಗೆ ಗೊಂದಲವಿದೆ. ಹೊರಗಡೆ ಗಾಳಿಯಲ್ಲೇ ಕೂರಬೇಕು ಎಂದು ಅದರ ಅರ್ಥವಲ್ಲ. ಹಡಗು ಹತ್ತಲು ನಿಮಗೆ ಹಕ್ಕಿದೆ, ಇಂಥದ್ದೇ ಜಾಗ ಎಂದು ಗೊತ್ತುಮಾಡಿಲ್ಲ, ಅಷ್ಟೇ. ಹೊರ ಡೆಕ್ಕಿನ ಕುರ್ಚಿ, ಒಳಗಿನ ಲಾಂಜ್, ಕೆಫೆಯ ಸೋಫಾ, ಮೆಟ್ಟಿಲ ಪಕ್ಕದ ನೆಲ, ಎಲ್ಲಿ ಸಿಕ್ಕಿದರೆ ಅಲ್ಲಿ. ಗ್ರೀಕರು ಇದನ್ನು ‘ಕತಾಸ್ತ್ರೋಮಾ’ ಎನ್ನುತ್ತಾರೆ. ಇದಕ್ಕಿಂತ ಕೆಲವೇ ಯೂರೋ ಹೆಚ್ಚು ಕೊಟ್ಟರೆ ವಿಮಾನದಲ್ಲಿರುವಂಥ ಸಂಖ್ಯೆಯುಳ್ಳ ಸೀಟು ಸಿಗುತ್ತದೆ. ಅದು ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ನಡುವೆ ಸೀಟಿನ ಕೈಗಳು ಅಡ್ಡ ಬರುವುದರಿಂದ ಕಾಲು ಚಾಚಿ ಮಲಗಲಾಗುವುದಿಲ್ಲ. ಸೀಟು ತೆಗೆದುಕೊಂಡವರೇ ನಡುರಾತ್ರಿ ಎದ್ದು ನೆಲದ ಮೇಲೆ ಹಾಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ನಾನು ಮೊದಲ ಸಲ ಹೋದಾಗ ಡೆಕ್ ಟಿಕೆಟ್ಟಿನಲ್ಲೇ ಹೋಗಿದ್ದೆ. ಹಡಗು ಬಿಡಲು ಅರ್ಧ ಗಂಟೆಯಿರುವಾಗ ಹತ್ತಿದರೆ ಒಂದು ಸೋಫಾವೂ ಖಾಲಿಯಿರಲಿಲ್ಲ. ಊರಿಗೆ ಹೊರಟ ವಿದ್ಯಾರ್ಥಿಗಳು, ರಜೆಯ ಮೇಲಿದ್ದ ಸೈನಿಕರು, ಮೊಮ್ಮಕ್ಕಳನ್ನು ನೋಡಲು ಹೊರಟ ಅಜ್ಜಿಯರು ಸಂಜೆಯೇ ಬಂದು ಕಂಬಳಿ ಹಾಸಿ ನೆಲೆಯೂರಿದ್ದರು. ನನಗೆ ಸಿಕ್ಕಿದ್ದು ಹವಾನಿಯಂತ್ರಣದ ಕಿಂಡಿಯ ನೇರ ಕೆಳಗಿನ ಮೂಲೆ. ಬೇಸಿಗೆಯೆಂದು ತೆಳು ಅಂಗಿಯಲ್ಲಿ ಹೋಗಿದ್ದವನು ಬೆಳಗಿನ ತನಕ ನಡುಗಿದೆ. ಎರಡನೆಯ ಸಲ ಎರಡು ಗಂಟೆ ಮೊದಲೇ ಹತ್ತಿದೆ. ಮಡಚುವ ಚಾಪೆ, ದಪ್ಪ ಶಾಲು, ಉಣ್ಣೆಯ ಟೋಪಿ, ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ ಜೊತೆಗಿದ್ದವು. ಇಂಜಿನ್ನಿನ ಗುಂಯ್‌ಗುಡುವಿಕೆ ಜೋಗುಳದಂತಿತ್ತು, ಚೆನ್ನಾಗಿ ನಿದ್ದೆ ಬಂತು. ಇಪ್ಪತ್ತೈದು, ಮೂವತ್ತರ ವಯಸ್ಸಿನವರಿಗೆ ಈ ಅನುಭವವನ್ನು ಪ್ರೀತಿಯಿಂದಲೇ ಶಿಫಾರಸು ಮಾಡುತ್ತೇನೆ. 68 ವರ್ಷದ ನಿಮ್ಮ ತಂದೆಯವರನ್ನು ನೆಲದ ಮೇಲೆ ಮಲಗಿಸಿ, ರಾತ್ರಿ ಎರಡು ಸಲ ಶೌಚಾಲಯಕ್ಕೆ ಜನರನ್ನು ದಾಟಿಕೊಂಡು ಹೋಗಿ ಎನ್ನುವ ಧೈರ್ಯ ನನಗಿಲ್ಲ.

ಕ್ಯಾಬಿನ್ ಕಾಯ್ದಿರಿಸುವಾಗ ಒಂದು ವಿಷಯವನ್ನು ಚೆನ್ನಾಗಿ ಗಮನಿಸಿ. ಪೂರ್ತಿ ಕ್ಯಾಬಿನ್ ಬೇರೆ, ಹಂಚಿಕೊಳ್ಳುವ ಕ್ಯಾಬಿನ್ನಿನಲ್ಲಿ ಒಂದೊಂದು ಹಾಸಿಗೆ ಬೇರೆ. ಹಂಚಿಕೊಳ್ಳುವ ಕ್ಯಾಬಿನ್ನುಗಳು ಗಂಡಸರಿಗೆ ಪ್ರತ್ಯೇಕ, ಹೆಂಗಸರಿಗೆ ಪ್ರತ್ಯೇಕ. ಉಳಿತಾಯವೆಂದು ಅಪ್ಪ ಅಮ್ಮನಿಗಷ್ಟೇ ಎರಡು ಬಿಡಿ ಹಾಸಿಗೆ ಕೊಂಡರೆ, ಅಪ್ಪ ಮೂವರು ಅಪರಿಚಿತರ ಜೊತೆ ಒಂದು ಕಡೆ, ಅಮ್ಮ ಇನ್ನೊಂದು ಕಡೆ ಮಲಗಬೇಕಾಗುತ್ತದೆ. ಭಾಷೆ ತಿಳಿಯದ ಹಡಗಿನಲ್ಲಿ ಅದು ಹಿರಿಯರಿಗೆ ದಿಗಿಲು ಹುಟ್ಟಿಸುವ ಸಂಗತಿ. ನಾಲ್ವರೂ ಒಟ್ಟಿಗಿದ್ದರೆ ಆ ತೊಂದರೆಯಿಲ್ಲ; ಕೆಳಗಿನ ಹಾಸಿಗೆಗಳು ಅವರಿಗೆ, ಏಣಿ ಹತ್ತುವ ಮೇಲಿನವು ನಿಮಗೆ. ಶೌಚಾಲಯ, ಸ್ನಾನದ ವ್ಯವಸ್ಥೆ ಕ್ಯಾಬಿನ್ನಿನ ಒಳಗೇ ಇರುತ್ತದೆ. ಕಿಟಕಿಗೆ ಹೆಚ್ಚು ಹಣ ಕೊಡಬೇಡಿ, ಕತ್ತಲಲ್ಲಿ ಏನೂ ಕಾಣುವುದಿಲ್ಲ.

ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ನಮ್ಮ ಕಡೆಯ ಹಿರಿಯರ ಇನಿಷಿಯಲ್, ಉಪನಾಮಗಳ ತೊಡಕು ನಿಮಗೆ ಗೊತ್ತೇ ಇದೆ. ಅವರ ವಿಮಾನದ ಟಿಕೆಟ್ಟಿನಲ್ಲಿ ಹೇಗಿದೆಯೋ ಹಾಗೆಯೇ ತುಂಬಿ. ಗ್ರೀಸ್ ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ವಲಯದಲ್ಲಿದೆ, ಅಥೆನ್ಸ್‌ನಿಂದ ಕ್ರೀಟ್ ದೇಶದೊಳಗಿನ ಪ್ರಯಾಣ. ಗಡಿ ತಪಾಸಣೆ ಇರುವುದಿಲ್ಲ, ಆದರೂ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಇನ್ನು ಅಮ್ಮನ ಊಟ. ಹಡಗಿನಲ್ಲಿ ಕೆಫೆಯೂ ಇರುತ್ತದೆ, ತಟ್ಟೆ ಹಿಡಿದು ಬಡಿಸಿಕೊಳ್ಳುವ ಊಟದ ಮನೆಯೂ ಇರುತ್ತದೆ. ಮೂಸಕಾ, ಪಾಸ್ತಿತ್ಸಿಯೊ ನೋಡಲು ತರಕಾರಿಯ ಅಡುಗೆಯಂತೆ ಕಂಡರೂ ಒಳಗೆ ಕೊಚ್ಚಿದ ಮಾಂಸವಿರುತ್ತದೆ. ಪಾಲಕ್ ತುಂಬಿದ ಸ್ಪನಕೋಪಿತಾ, ಚೀಸ್ ತುಂಬಿದ ತಿರೋಪಿತಾ ಸುಲಭವಾಗಿ ಸಿಗುತ್ತವೆ. ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳಿಗೆ ‘ಲಾದೆರಾ’ ಎನ್ನುತ್ತಾರೆ. ಆ ಹೆಸರು ಹೇಳಿ ಕೇಳಿ. ‘ನಿಸ್ತೀಸಿಮೊ’ ಎಂಬ ಇನ್ನೊಂದು ಮಾತಿದೆ. ಅದು ಗ್ರೀಕ್ ಕ್ರೈಸ್ತರ ಉಪವಾಸದ ಆಹಾರ, ಮಾಂಸವೂ ಇಲ್ಲ, ಹಾಲೂ ಇಲ್ಲ. ಆದರೆ ಅವರ ಉಪವಾಸದಲ್ಲಿ ಸೀಗಡಿ, ಆಕ್ಟೋಪಸ್ ನಿಷಿದ್ಧವಲ್ಲ! ಹಾಗಾಗಿ ಈ ಪದವೊಂದನ್ನೇ ನಂಬಿ ತಟ್ಟೆ ಹಿಡಿಯಬೇಡಿ. ಹೊರಗಿನ ಊಟ ತರಬಾರದೆಂಬ ತಡೆಯಿಲ್ಲ. ಚಪಾತಿ, ಚಟ್ನಿಪುಡಿ, ಹಣ್ಣು, ನೀರು ಜೊತೆಗಿದ್ದರೆ ನಾಲ್ವರ ರಾತ್ರಿ ಊಟದ ಖರ್ಚು ಉಳಿಯಿತು, ಅಮ್ಮನಿಗೂ ನೆಮ್ಮದಿ.

ಪಿರೇಯಸ್‌ಗೆ ಹೋಗುವುದು ಈಗ ಸುಲಭ. 2022ರಲ್ಲಿ ಮೆಟ್ರೋ ಮೂರನೆಯ ಮಾರ್ಗ ಬಂದರಿನವರೆಗೆ ಬಂದ ಮೇಲೆ ವಿಮಾನ ನಿಲ್ದಾಣದಿಂದ ರೈಲು ಬದಲಿಸದೆ ಬರಬಹುದು. ಎಕ್ಸ್ 96 ಬಸ್ಸು ಇನ್ನೂ ಅಗ್ಗ, ಹಗಲೂ ರಾತ್ರಿಯೂ ಓಡುತ್ತದೆ. ಬಂದರು ಮಾತ್ರ ಬಹಳ ವಿಸ್ತಾರವಾಗಿದೆ. ಕ್ರೀಟ್ ಹಡಗುಗಳು ಸಾಮಾನ್ಯವಾಗಿ ಇ2 ಅಥವಾ ಇ3 ದ್ವಾರದಿಂದ ಹೊರಡುತ್ತವೆ, ಮೆಟ್ರೋ ನಿಲ್ದಾಣದಿಂದ ಅಲ್ಲಿಗೆ ಸಾಕಷ್ಟು ನಡಿಗೆಯಿದೆ. ಬಂದರಿನೊಳಗೆ ಉಚಿತ ಬಸ್ಸು ಓಡಾಡುತ್ತದೆ, ಹಿರಿಯರನ್ನು ಅದರಲ್ಲೇ ಕರೆದೊಯ್ಯಿರಿ. ದೊಡ್ಡ ಪೆಟ್ಟಿಗೆಗಳನ್ನು ವಾಹನಗಳಿರುವ ಕೆಳ ಅಂತಸ್ತಿನಲ್ಲೇ ಇಟ್ಟು ಬರಬಹುದು, ತೂಕ ನೋಡಿ ಹಣ ಕೇಳುವವರಿಲ್ಲ. ಆದರೆ ಹಡಗು ಹೊರಟ ಮೇಲೆ ಆ ಅಂತಸ್ತಿಗೆ ಹೋಗಲು ಬಿಡುವುದಿಲ್ಲ. ಅಪ್ಪನ ಮಾತ್ರೆ, ಶಾಲು, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಬೇಕು.

ಪ್ರಶ್ನೆಯಲ್ಲಿ ನೀವು ಬರೆದಿಲ್ಲ, ಆದರೆ ತಂದೆ ತಾಯಿಯನ್ನು ಕರೆದೊಯ್ಯುವವರ ಮನಸ್ಸಿನಲ್ಲಿ ಇನ್ನೊಂದು ಆತಂಕ ಇದ್ದೇ ಇರುತ್ತದೆ: ರಾತ್ರಿ, ನಡುಸಮುದ್ರ, ಸುರಕ್ಷಿತವೇ? ಈ ಮಾರ್ಗಕ್ಕೆ ಒಂದು ದುಃಖದ ಇತಿಹಾಸವಿದೆ. 1966ರ ಡಿಸೆಂಬರ್ 8ರ ನಸುಕಿನಲ್ಲಿ, ಕ್ರೀಟ್‌ನ ಸೂದಾ ಬಂದರಿನಿಂದ ಪಿರೇಯಸ್‌ಗೆ ಹೊರಟಿದ್ದ ‘ಹೆರಾಕ್ಲಿಯೊನ್’ ಎಂಬ ಹಡಗು ಬಿರುಗಾಳಿಯಲ್ಲಿ ಫಾಲ್ಕೊನೆರಾ ಎಂಬ ನಡುಗಡ್ಡೆಯ ಬಳಿ ಮುಳುಗಿತು. ಬಿಗಿಯಾಗಿ ಕಟ್ಟಿರದ ಲಾರಿಯೊಂದು ಅಲುಗಾಟಕ್ಕೆ ಉರುಳಿ, ವಾಹನಗಳನ್ನು ಹತ್ತಿಸುವ ಹಡಗಿನ ಬಾಗಿಲಿಗೆ ಬಡಿದು, ಬಾಗಿಲು ತೆರೆದು ನೀರು ನುಗ್ಗಿತು. 200ಕ್ಕೂ ಹೆಚ್ಚು ಜನ ಸತ್ತರು. ಆ ಸಂಕಟದಲ್ಲಿ ಕ್ರೀಟ್ ಜನರು ಬಿಷಪ್ ಐರಿನೇಯೊಸ್ ಅವರ ಮುಂದಾಳುತನದಲ್ಲಿ, ಹಣವಂತ ಹಡಗು ಮಾಲೀಕರನ್ನು ನೆಚ್ಚಿದ್ದು ಸಾಕು, ನಮ್ಮ ಹಡಗು ನಾವೇ ಮಾಡಿಕೊಳ್ಳೋಣ ಎಂದು ನಿಂತರು. ರೈತರು, ಅಂಗಡಿಯವರು ಷೇರು ಕೊಂಡು 1967ರಲ್ಲಿ ಕಟ್ಟಿದ ಕಂಪನಿಯ ಹೆಸರು ಅನೆಕ್. ಗ್ರೀಕ್ ಪದಗಳ ಮೊದಲಕ್ಷರಗಳಿಂದ ಬಂದ ಹೆಸರದು. ಕನ್ನಡದ ಕಿವಿಗೆ ‘ಅನೇಕ’ ಎಂದೇ ಕೇಳಿಸುತ್ತದೆ, ಅನೇಕರು ಸೇರಿ ಕಟ್ಟಿದ್ದೂ ನಿಜ. 2023ರ ಕೊನೆಗೆ ಅದು ಆಟಿಕಾ ಎಂಬ ದೊಡ್ಡ ಸಮೂಹದಲ್ಲಿ ವಿಲೀನವಾಯಿತು. ನನಗೆ ಕ್ರೀಟ್‌ನ ಹಾನಿಯಾ ಊರಿನ ಕಡೆಯ ಹಡಗು ಹತ್ತಿದಾಗಲೆಲ್ಲ, ಊರಿನವರು ಕೈಗೂಡಿಸಿ ನೀರಿಗಿಳಿಸಿದ ಆ ಮೊದಲ ಹಡಗಿನ ನೆನಪಾಗುತ್ತದೆ.

ಈಗಿನ ದೊಡ್ಡ ಹಡಗುಗಳು 200 ಮೀಟರಿಗೂ ಉದ್ದವಾಗಿವೆ, ಸಾಧಾರಣ ಅಲೆಗೆ ಓಲಾಡುವುದು ಕಡಿಮೆ. ವಾಕರಿಕೆಯ ಭಯವಿದ್ದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಗಾಳಿ ಮಿತಿ ಮೀರಿದರೆ ಬಂದರಿನ ಅಧಿಕಾರಿಗಳು ಹಡಗನ್ನು ಬಿಡುವುದೇ ಇಲ್ಲ. ಬೇಸಿಗೆಯ ಮೆಲ್ತೆಮಿ ಎಂಬ ಬಡಗಣ ಗಾಳಿ ಅಕ್ಟೋಬರಿಗೆ ಇಳಿದಿರುತ್ತದೆ, ಆದರೂ ಒಮ್ಮೊಮ್ಮೆ ಬಿರುಗಾಳಿ ಬರುತ್ತದೆ, ನಾವಿಕರ ಮುಷ್ಕರವೂ ಆಗುತ್ತದೆ. ಹಡಗು ರದ್ದಾದರೆ, ಇಲ್ಲವೇ ಹೊರಡುವುದು 90 ನಿಮಿಷಕ್ಕಿಂತ ತಡವಾಗುವಂತಿದ್ದರೆ, ಬೇರೆ ಹಡಗು ಅಥವಾ ಟಿಕೆಟ್ ಹಣ ವಾಪಸು ಕೇಳುವ ಹಕ್ಕು ಯುರೋಪಿನ ಕಾನೂನಿನಲ್ಲಿದೆ. ಆದರೆ ಕೈತಪ್ಪಿದ ವಿಮಾನದ ಹಣವನ್ನು ಯಾರೂ ಕೊಡುವುದಿಲ್ಲ. ಆದ್ದರಿಂದ ಮರಳುವಾಗ, ಜರ್ಮನಿಯ ವಿಮಾನಕ್ಕೂ ಹಡಗಿಗೂ ನಡುವೆ ಒಂದು ಪೂರ್ತಿ ದಿನ ಬಿಟ್ಟುಕೊಳ್ಳಿ. ಈ ಒಂದು ದಿನದಲ್ಲಿ ಜಿಪುಣತನ ಬೇಡ.

ಕ್ರೀಟ್‌ನ ಹಾನಿಯಾ, ಹೆರಾಕ್ಲಿಯೊನ್ ಎಂಬ ಎರಡೂ ಊರುಗಳಿಗೆ ವರ್ಷವಿಡೀ ರಾತ್ರಿ ಹಡಗುಗಳಿವೆ. ಒಂಬತ್ತು, ಹತ್ತರ ಹೊತ್ತಿಗೆ ಹೊರಟು ಬೆಳಿಗ್ಗೆ ಆರರ ಆಸುಪಾಸು ಮುಟ್ಟುತ್ತವೆ. ಹಾನಿಯಾ ಊರು ಹೆಚ್ಚು ಸುಂದರ, ಆದರೆ ಹಡಗು ನಿಲ್ಲುವ ಸೂದಾ ಊರಿನಿಂದ ಆರೇಳು ಕಿಲೋಮೀಟರ್ ದೂರ. ನಗರದ ಬಸ್ಸು ಸಿಗುತ್ತದೆ. ನಿಮ್ಮ ಬಳಗಕ್ಕೆ ನಾನು ಹೆರಾಕ್ಲಿಯೊನ್ ಆರಿಸುತ್ತೇನೆ. ಬಂದರಿನ ಹತ್ತಿರವೇ ಊರುಗಳಿಗೆ ಹೋಗುವ ಬಸ್ ನಿಲ್ದಾಣವಿದೆ, ಊರಿನ ನಡುಭಾಗಕ್ಕೂ ಹೆಚ್ಚು ದೂರವಿಲ್ಲ. ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನವಾದರೂ ಪೆಟ್ಟಿಗೆ ಇಟ್ಟುಕೊಳ್ಳಲು ಸಾಮಾನ್ಯವಾಗಿ ಒಪ್ಪುತ್ತಾರೆ. ಕಾಫಿ ಕುಡಿದು, ಎರಡನೆಯ ಸಂಖ್ಯೆಯ ನಗರ ಬಸ್ಸು ಹಿಡಿದರೆ ಐದು ಕಿಲೋಮೀಟರ್ ಆಚೆಯ ಕ್ನೋಸೊಸ್ ಎಂಬ ಪುರಾತನ ಅರಮನೆಯ ಬಾಗಿಲು ತೆರೆಯುವ ಹೊತ್ತಿಗೆ ನೀವು ಅಲ್ಲಿರಬಹುದು. ಪ್ರವಾಸಿಗಳ ದೊಡ್ಡ ಬಸ್ಸುಗಳು ಆಗಿನ್ನೂ ಬಂದಿರುವುದಿಲ್ಲ, ಬಿಸಿಲೂ ಏರಿರುವುದಿಲ್ಲ. ರಾತ್ರಿ ಮಲಗಿ ಎದ್ದಿದ್ದರೆ ಅಪ್ಪ ಆ ಕಲ್ಲಿನ ಮೆಟ್ಟಿಲುಗಳನ್ನು ನಿಧಾನವಾಗಿ ತಾವೇ ಹತ್ತುತ್ತಾರೆ.