ಹೊಟ್ಟೆನೋವಿನ ಹಿಂದೆ ಒತ್ತಕ್ಷರ

ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಶನಿವಾರ ಮಧ್ಯಾಹ್ನ ಅದರ ಸುಳಿವೇ ಇಲ್ಲ. ಇಂಥ ಮಕ್ಕಳಿಗೆ ಸ್ಕ್ಯಾನಿಂಗ್ ಆಗುತ್ತದೆ, ಜಂತುಹುಳದ ಮಾತ್ರೆಯೂ ಆಗುತ್ತದೆ. ಎಲ್ಲ ಸರಿಯಿದೆ ಅಂದಮೇಲೆ ನಮ್ಮಂಥ ಮನಶ್ಶಾಸ್ತ್ರಜ್ಞರ ಸರದಿ. ನಾನು ಮೂರನೇ ಕ್ಲಾಸಿನ ಕನ್ನಡ ಪುಸ್ತಕ ಕೈಗೆ ಕೊಟ್ಟು ಓದಿಸುತ್ತೇನೆ. ಎಷ್ಟೋ ಸಲ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

'ಮರ', 'ಸರ' ಸಲೀಸು. 'ಅಜ್ಜಿ' ಹೇಗೋ ದಾಟುತ್ತದೆ. 'ರಾಷ್ಟ್ರ' ಬಂದರೆ ಮಗು ನಿಂತೇಬಿಡುತ್ತದೆ. ಕನ್ನಡವನ್ನು ಬರೆದಂತೆಯೇ ಓದುತ್ತೇವಲ್ಲ, ಹಾಗಾಗಿ ಡಿಸ್ಲೆಕ್ಸಿಯಾ (ಬುದ್ಧಿ ಚುರುಕಾಗಿದ್ದರೂ ಓದು-ಬರಹ ಕಷ್ಟವಾಗುವ ತೊಂದರೆ) ಇರುವ ಎಷ್ಟೋ ಮಕ್ಕಳು ತೀರಾ ತಪ್ಪು ಓದುವುದಿಲ್ಲ, ತೀರಾ ನಿಧಾನ ಓದುತ್ತಾರೆ. 'ಓದೋಕೆ ಬರುತ್ತೆ, ಸೋಮಾರಿ ಅಷ್ಟೇ' ಎಂದು ದೊಡ್ಡವರು ಹೇಳುವುದು ಇದರಿಂದಲೇ. ಅದೇ ಪಾಠವನ್ನು ನೀವು ಓದಿ ಹೇಳಿ ಪ್ರಶ್ನೆ ಕೇಳಿ, ಪಟಪಟ ಉತ್ತರ ಬರುತ್ತದೆ.

ಪಕ್ಕದವನಿಗೆ ಬರುವ ಓದು ತನಗೆ ಬರುತ್ತಿಲ್ಲ ಅನ್ನುವುದು ಮಗುವಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿರುತ್ತದೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಅದೇ ಒಂದು ಕಾರಣ ಹುಡುಕಿಕೊಳ್ಳುತ್ತದೆ: ನಾನು ದಡ್ಡ. ಆಮೇಲಿನದೆಲ್ಲ ಈ ನಾಚಿಕೆಯನ್ನು ಮುಚ್ಚಿಡುವ ಕಸರತ್ತು. ಒಬ್ಬ ತರಲೆ ಮಾಡಿ ಕ್ಲಾಸಿನಿಂದ ಹೊರಗೆ ಹೋಗುತ್ತಾನೆ, ಓದುವ ಸರದಿ ತಪ್ಪಿತಲ್ಲ! ಇನ್ನೊಬ್ಬಳು ಪಾಠ ಬಾಯಿಪಾಠ ಮಾಡಿಕೊಂಡು ಸಾಲಿನ ಮೇಲೆ ಸುಮ್ನೆ ಬೆರಳು ಓಡಿಸುತ್ತಾಳೆ. ಡೈರಿ ಕಳೆಯುತ್ತದೆ, ಪೆನ್ಸಿಲ್ ಮುರಿಯುತ್ತದೆ. ತರಲೆ ಹುಡುಗರನ್ನು ಶಾಲೆಯವರೇ ನಮ್ಮ ಬಳಿ ಕಳಿಸುತ್ತಾರೆ. ನನಗೆ ಚಿಂತೆ ಜಾಸ್ತಿ ಇರುವುದು ಸುಮ್ಮನೆ ಕೂರುವ ಹುಡುಗಿಯರದು. 'ಪಾಪದ ಹುಡುಗಿ' ಅನ್ನಿಸಿಕೊಂಡೇ ಹೈಸ್ಕೂಲು ಮುಟ್ಟಿರುತ್ತಾರೆ. ಅಷ್ಟರಲ್ಲಿ ಊಟ, ನಿದ್ದೆ ಎರಡೂ ಕೆಟ್ಟಿರುತ್ತದೆ. 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಂದರೆ ಅದನ್ನು ನಾಟಕ ಅನ್ನಬೇಡಿ. ಅವತ್ತೇ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ಭಯ ಓದನ್ನು ಇನ್ನಷ್ಟು ಕೆಡಿಸುತ್ತದೆ. ಅಕ್ಷರ ಕೂಡಿಸಬೇಕಾದ ಮನಸ್ಸು 'ಮಿಸ್ ಈಗ ನನ್ನನ್ನೇ ಎಬ್ಬಿಸ್ತಾರಾ' ಅನ್ನುವುದರಲ್ಲೇ ಮುಳುಗಿರುತ್ತದೆ. ಹೀಗಿರುವಾಗ ಇನ್ನೊಂದು ಟ್ಯೂಷನ್‌ಗಾಗಿ ಖೋ ಖೋ ಬಿಡಿಸುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆ ಮಗು ದಿನದಲ್ಲಿ ಗೆಲ್ಲುವ ಜಾಗ ಅದೊಂದೇ ಇರಬಹುದು, ಅಲ್ವಾ?

ಎಂಟು ವರ್ಷದ ಹೊತ್ತಿಗೆ ಸರಿಯಾದ ತಪಾಸಣೆ ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ, ಡಿಸ್ಲೆಕ್ಸಿಯಾ ಅದರಲ್ಲೇ ಸೇರುತ್ತದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು ಕೇಳಬಹುದು. 'ಮುಂದೆ ಮದುವೆಗೆ ತೊಂದರೆ' ಎಂದು ಅದನ್ನು ಬೀರುವಿನಲ್ಲಿ ಮುಚ್ಚಿಡುವವರೂ ಇದ್ದಾರೆ.

ಫಲಿತಾಂಶ ಬಂದಮೇಲೆ ಮಗುವಿಗೇ ಹೇಳಿ: "ನೀನು ದಡ್ಡ ಅಲ್ಲ. ನಿನಗೆ ಅಕ್ಷರ ಹಿಡಿಯೋದು ನಿಧಾನ, ಅದಕ್ಕೆ ಬೇರೆ ಥರ ಕಲಿಸ್ತೀವಿ." ಶಿಕ್ಷಕರಿಗೆ ಒಂದು ಕೋರಿಕೆ. ನಾಳೆ ಗಟ್ಟಿಯಾಗಿ ಓದಿಸುವುದು ಯಾವ ಪ್ಯಾರಾ ಅಂತ ಇವತ್ತೇ ಆ ಮಗುವಿಗೆ ತಿಳಿಸಿಬಿಡಿ. ಮನೆಯಲ್ಲಿ ನಾಲ್ಕು ಸಲ ಓದಿಕೊಂಡು ಬರುತ್ತದೆ.